ವಿಮಾನದಲ್ಲಿ ಹೊರಗಿನ ನೋಟ ಚೆನ್ನಾಗಿ ಕಾಣಬೇಕಾದರೆ ಯಾವ ಬದಿಯ ಕಿಟಕಿ ಸೀಟು ಒಳ್ಳೆಯದು?

ನೋಡಲೇಬೇಕಾದ ಬೆಟ್ಟವೋ ಕರಾವಳಿಯೋ ದಾರಿಯಲ್ಲಿದ್ದರೆ ಅದಿರುವ ಬದಿ. ಅಂಥದ್ದೇನೂ ಇಲ್ಲದಿದ್ದರೆ, ಬಿಸಿಲು ಬೀಳದ ಬದಿ.

ಕಾರಣ ಕಿಟಕಿಯಲ್ಲೇ ಇದೆ. ಅದು ಸಾಮಾನ್ಯವಾಗಿ ಗಾಜಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ಒರೆಸಿ ಒರೆಸಿ ಅದರ ಮೇಲೆ ಕೂದಲೆಳೆಯಂಥ ಗೀರುಗಳು ಬಿದ್ದಿರುತ್ತವೆ. ಬಿಸಿಲು ನೇರವಾಗಿ ಬಿದ್ದರೆ ಒಂದೊಂದು ಗೀರೂ ಹೊಳೆದು, ಹೊರಗೆಲ್ಲ ಮಂಜು ಕವಿದ ಹಾಗೆ ಕಾಣುತ್ತದೆ. ನೆರಳಿನ ಬದಿಯಲ್ಲಿ ಈ ಕಾಟವಿಲ್ಲ. ಸೂರ್ಯ ನಿಮ್ಮ ಬೆನ್ನಿಗಿರುವುದರಿಂದ ಕೆಳಗಿನ ನೆಲ ಬೆಳಗಿರುತ್ತದೆ, ಹೊಲದ ಬದುಗಳೂ ಹೊಳೆಯ ತಿರುವುಗಳೂ ಸ್ಪಷ್ಟ. ಮೋಡದ ಮೇಲೆ ವಿಮಾನದ ಪುಟ್ಟ ನೆರಳು, ಅದರ ಸುತ್ತ ಬಣ್ಣದ ಬಳೆ ಕಾಣುವುದೂ ಈ ಬದಿಯಲ್ಲೇ. ನನ್ನ ಮಟ್ಟಿಗೆ ಅದೊಂದಕ್ಕೇ ಈ ಸೀಟು ಸಾರ್ಥಕ.

ಲೆಕ್ಕ ಸುಲಭ. ಬೆಳಿಗ್ಗೆ ಉತ್ತರಕ್ಕೆ ಹೊರಟರೆ ಪೂರ್ವ ನಿಮ್ಮ ಬಲಕ್ಕೆ, ಆದ್ದರಿಂದ ಎಡಗಡೆ ಕೂರಿ. ಸಂಜೆಯಾದರೆ ಉಲ್ಟಾ. ವಿಮಾನದ ಮೂಗಿನ ಕಡೆ ಮುಖ ಮಾಡಿದರೆ 'ಎ' ಸೀಟು ಎಡಕ್ಕಿರುತ್ತದೆ. ಸಾಲಿಗೆ ಆರು ಸೀಟಿರುವ ವಿಮಾನದಲ್ಲಿ 'ಎಫ್' ಬಲತುದಿಗೆ. ಸೂರ್ಯೋದಯವನ್ನೇ ನೋಡಬೇಕೆಂದಿದ್ದರೆ ಮಾತ್ರ ಬಿಸಿಲಿನ ಬದಿಯೇ ಬೇಕು ಅನ್ನಿ.

ಆದರೆ ಬದಿ ಸರಿಯಿದ್ದೂ ಸಾಲು ತಪ್ಪಿದರೆ ಎಲ್ಲ ದಂಡ: ಕೆಳಗೆ ನೋಡಿದರೆ ಬರೀ ರೆಕ್ಕೆ. ರೆಕ್ಕೆಗಿಂತ ಮುಂದಿನ ಸಾಲು ಹಿಡಿಯಿರಿ. ಹಿಂದಿನ ಸಾಲುಗಳಲ್ಲಿ ಎಂಜಿನ್ನಿನ ಬಿಸಿಗಾಳಿಯಿಂದ ನೋಟ ಅಲುಗಾಡಿದಂತೆ ಮಸುಕಾಗಬಹುದು.