ದಿಂಬಿನ ಕೆಳಗಿನ ಮಾತ್ರೆಗಳು

"ಅಪ್ಪನಿಗೆ ಮರೆವು ಶುರುವಾಗಿದೆ, ಮಾತ್ರೆ ನುಂಗೋದೇ ನೆನಪಿರಲ್ಲ" ಎನ್ನುತ್ತಾ ನನ್ನ ಬಳಿ ಸಲಹೆಗೆ ಬರುವ ಮಕ್ಕಳು ನನಗೆ ಹೊಸಬರಲ್ಲ. ಆ ಮಾತನ್ನು ಈ ಸಲ ನಾನೂ ಎರಡು ಭೇಟಿಯವರೆಗೆ ನಂಬಿಬಿಟ್ಟಿದ್ದೆ. ಅದು ಇಂದಿಗೂ ಕಾಡುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ತಂದೆಗೆ 76 ವರ್ಷ. ಬಿಪಿ, ಶುಗರ್, ಕಾಲೂತ; ದಿನಕ್ಕೆ ಒಂಬತ್ತು ಮಾತ್ರೆ. ಮಗಳು ವಾರದ ಖಾನೆಗಳಿರುವ ಡಬ್ಬಿ ತಂದಿದ್ದಳು, ಮೊಬೈಲಿನಲ್ಲಿ ಅಲಾರಾಂ ಇಟ್ಟಿದ್ದಳು. ಆದರೂ ಬಿಪಿ ಇಳಿಯಲಿಲ್ಲ. ಅವರನ್ನು ನೋಡುತ್ತಿದ್ದ ವೈದ್ಯರು ಬಿಪಿ ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದರು.

ಮೂರನೇ ಭೇಟಿಯಲ್ಲಿ ಮಗಳು ಒಂದು ಪೊಟ್ಟಣ ಬಿಚ್ಚಿ ನನ್ನ ಮೇಜಿನ ಮೇಲೆ ಸುರಿದಳು. "ನೋಡಿ, ದಿಂಬಿನ ಕೆಳಗೆ ಸಿಕ್ಕಿದ್ದು." ಅಪ್ಪ ತಲೆ ತಗ್ಗಿಸಿದರು. ನಾನು ಮಾತ್ರೆಗಳನ್ನು ನೋಡಿದೆ. ಎಲ್ಲವೂ ಒಂದೇ ಬಗೆಯವು, ಚಿಕ್ಕವು, ಬಿಳಿಯವು. ಮರೆಯುವವರು ಇಡೀ ಖಾನೆಯನ್ನೇ ಮರೆತಾರು. ಒಂದೇ ಮಾತ್ರೆಯನ್ನು ಆರಿಸಿ ಮರೆಯುವುದುಂಟೇ?

ಮಗಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ. "ಮಾತ್ರೆ ತಗೊಳ್ತೀರಾ?" ಎಂದು ಕೇಳಿದರೆ ಹೌದೆನ್ನದೆ ಯಾರಿಗೂ ಬೇರೆ ದಾರಿಯಿಲ್ಲ. ಅದಕ್ಕೆ, "ವಾರದಲ್ಲಿ ಎಷ್ಟು ದಿನ ಇದನ್ನು ಬಿಡ್ತೀರಿ?" ಎಂದೆ.

"ಹೊರಗೆ ಹೋಗೋ ದಿನ ಬಿಡ್ತೀನಿ" ಎಂದರು, ಬಹಳ ಹೊತ್ತಿನ ಮೇಲೆ. "ನುಂಗಿದ್ರೆ ಮತ್ತೆಮತ್ತೆ ಮೂತ್ರಕ್ಕೆ ಹೋಗ್ಬೇಕು. ಒಂದ್ಸಲ ದಾರೀಲೇ ಬಟ್ಟೆ ಒದ್ದೆಯಾಯ್ತು. ಹೆತ್ತ ಮಗಳಿಗೆ ಇದನ್ನ ಹೇಗೆ ಹೇಳ್ಲಿ?"

ಅದು ದೇಹದ ಹೆಚ್ಚುವರಿ ನೀರನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ. ಕಾಲೂತಕ್ಕೂ ಬಿಪಿಗೂ ಕೊಟ್ಟಿದ್ದು.

ಇಷ್ಟನ್ನು ಹೇಳಲು ಅವರೇ ಒಪ್ಪಿದ ಮೇಲೆ ಮಗಳನ್ನು ಒಳಗೆ ಕರೆದೆ. ಅವಳು ಅತ್ತಳು. ಕೂಡಲೇ, "ನಾಳೆಯಿಂದ ಎದುರಿಗೆ ನಿಂತು ಎಲ್ಲಾ ನುಂಗಿಸ್ತೀನಿ" ಎಂದಳು. ಅದನ್ನು ಮಾತ್ರ ನಾನು ತಡೆದೆ. ಅಪ್ಪ ಎಲ್ಲ ಮಾತ್ರೆ ನುಂಗುತ್ತಿದ್ದಾರೆ ಎಂದು ನಂಬಿ ವೈದ್ಯರು ಪ್ರಮಾಣ ಏರಿಸಿದ್ದಾರೆ. ಈಗ ಒಮ್ಮೆಲೇ ಎಲ್ಲವೂ ಹೊಟ್ಟೆಗೆ ಹೋದರೆ ಬಿಪಿ ತೀರಾ ಕುಸಿದು, ಏಳುವಾಗ ತಲೆ ಸುತ್ತಿ ಬೀಳಬಹುದು. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮುಂದಿನದು ಕಷ್ಟ. ಮೊದಲು ಬಿಟ್ಟ ದಿನಗಳ ಲೆಕ್ಕ ವೈದ್ಯರಿಗೆ ಹೋಗಲಿ, ಮನೆಯಲ್ಲಿರುವ ಅಷ್ಟೂ ಔಷಧಿ ಚೀಲ ಸಮೇತ ಹೋಗಲಿ ಎಂದೆ. ವೈದ್ಯರು ಏರಿಸಿದ್ದ ಪ್ರಮಾಣವನ್ನು ಇಳಿಸಿದರು. ಹೊರಗೆ ಹೋಗುವ ದಿನ ಆ ಮಾತ್ರೆಯನ್ನು ಮನೆಗೆ ಬಂದ ಮೇಲೆ, ಆದರೆ ಸಂಜೆಯೊಳಗೆ ನುಂಗಲು ಹೇಳಿದರು. ತಡವಾದರೆ ರಾತ್ರಿ ಕತ್ತಲಲ್ಲಿ ಎದ್ದು ಓಡಾಡಬೇಕಾಗುತ್ತದಲ್ಲ.

ನನ್ನ ಇನ್ನೊಂದು ಸಲಹೆ ಮಗಳಿಗೆ ಹಿಡಿಸಲಿಲ್ಲ: ಡಬ್ಬಿ ತುಂಬುವ ಕೆಲಸ ಅಪ್ಪನದೇ ಆಗಲಿ, ನೀವು ಪಕ್ಕದಲ್ಲಿ ಕೂತಿರಿ. "ಏನಾದ್ರೂ ಆದ್ರೆ ಯಾರು ಹೊಣೆ?" ಎಂದಳು. ಆ ಭಯ ನ್ಯಾಯವಾದದ್ದೇ. ನೆನಪು ನಿಜಕ್ಕೂ ಕುಂದಿದ್ದರೆ, ಒಂದೇ ಮಾತ್ರೆಯನ್ನು ಎರಡು ಸಲ ನುಂಗುತ್ತಿದ್ದರೆ, ಇನ್ಸುಲಿನ್ ಇದ್ದಿದ್ದರೆ ನಾನೇ ತದ್ವಿರುದ್ಧ ಹೇಳುತ್ತಿದ್ದೆ. ಆದರೆ ಇವರ ಬುದ್ಧಿ ಚುರುಕಾಗಿದೆ. ತನ್ನ ಮೈಯ ವಿಚಾರವನ್ನು ಕೈಯಿಂದ ಕಿತ್ತುಕೊಂಡಾಗ ಮನುಷ್ಯ ಬಚ್ಚಿಡಲು ಕಲಿಯುತ್ತಾನೆ. ಇಂದಿಗೂ ನಾನು ಅದೇ ಸಲಹೆ ಕೊಡುತ್ತೇನೆ.

ಮೂರು ತಿಂಗಳ ನಂತರ ಬಂದಾಗ ಡಬ್ಬಿಯ ಜೊತೆ ಒಂದು ಚೀಟಿಯೂ ಇತ್ತು. ಬಿಟ್ಟ ದಿನಗಳಿಗೆ ಅಪ್ಪನೇ ಸೊನ್ನೆ ಸುತ್ತಿದ್ದರು. ಎರಡು ಸೊನ್ನೆಗಳಿದ್ದವು. ಎರಡರ ಪಕ್ಕದಲ್ಲೂ ಕಾರಣ ಬರೆದಿದ್ದರು.