ಹುಲಿ ಕಾಣಲಿಲ್ಲ, ಲದ್ದಿ ಕಂಡಿತು

ಪತ್ರ: ಸಂಪಾದಕರೇ, ದಸರಾ ರಜೆಯಲ್ಲಿ ನಾನು, ನಮ್ಮವರು, ಐದು ವರ್ಷದ ಮಗಳು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆವು. ಎರಡು ಸಲ ಸಫಾರಿ ಮಾಡಿದರೂ ಹುಲಿ ಕಾಣಲಿಲ್ಲ. ಎರಡನೆಯ ಸಲ ಮಗಳು ಜೀಪಿನಲ್ಲೇ ನಿದ್ದೆಹೋದಳು. ಮನೆಗೆ ಬಂದ ಮೇಲೆ ನಮ್ಮ ಅತ್ತೆ 'ಕಾಡಲ್ಲಿ ಏನು ನೋಡಿದೆ ಪುಟ್ಟಿ' ಎಂದು ಕೇಳಿದರೆ 'ಆನೆ ಲದ್ದಿ, ಅದರ ಮೇಲೆ ಚಿಟ್ಟೆ' ಎಂದಳು. ಚೆಕ್‌ಪೋಸ್ಟ್ ಹತ್ತಿರ ಕಾರು ನಿಂತಾಗ ಕಂಡದ್ದು ಅದು. ಈಗ ಬಂದವರಿಗೆಲ್ಲ ಅದೇ ಕಥೆ, ನನಗೋ ಮುಜುಗರ. 'ಇಷ್ಟಕ್ಕೆ ಅಷ್ಟು ದುಡ್ಡು ಸುರಿಯಬೇಕಿತ್ತಾ, ಇಲ್ಲೇ ಝೂಗೆ ಹೋಗಿದ್ದರೆ ಆಗುತ್ತಿರಲಿಲ್ಲವಾ' ಎಂದು ಇವರು ಆಡಿಕೊಳ್ಳುತ್ತಾರೆ. ಇಷ್ಟು ಚಿಕ್ಕ ಮಕ್ಕಳನ್ನು ಕಾಡಿಗೆ ಕರೆದೊಯ್ಯುವುದು ದಂಡವೇ? ಎಷ್ಟು ವಯಸ್ಸಿನವರೆಗೆ ಕಾಯಬೇಕು?
– ಓದುಗರೊಬ್ಬರು, ಮೈಸೂರು

ಉತ್ತರ: ತಾಯಿ, ನಿಮ್ಮ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಮನೆಗೆ ಒಯ್ದೆ. ಈ ಸಲ ಬೇರೆ ಯಾವ ಪತ್ರಕ್ಕೂ ಉತ್ತರವಿಲ್ಲ, ಉಳಿದವರು ಬೈದುಕೊಳ್ಳಲಿ.

ಮೊದಲು ನಿಮ್ಮ ಯಜಮಾನರ ಪರವಾಗಿ ಎರಡು ಮಾತು ಆಡಿಬಿಡುತ್ತೇನೆ. ಸಫಾರಿ ಅಗ್ಗದ ಬಾಬತ್ತಲ್ಲ, ಕೊಟ್ಟವರಿಗೇ ಗೊತ್ತು ಅದರ ಉರಿ. ಮೈಸೂರಿನ ಮೃಗಾಲಯ 1892ರಿಂದ ಇದೆ. ಅಪ್ಪನ ಹೆಗಲೇರಿ ಅಲ್ಲಿ ಜಿರಾಫೆ ನೋಡಿದವರಲ್ಲಿ ನಾನೂ ಒಬ್ಬ. ಅಲ್ಲಿ ಹೋದರೆ ಹುಲಿ ಖಾತ್ರಿ. ಅವರ ಪಾಲಿನ ನ್ಯಾಯ ಇಲ್ಲಿಗೆ ಮುಗಿಯಿತು.

ಈಗ ಪುಟ್ಟಿಯ ಪಾಲು. ನನ್ನನ್ನು ಕೇಳಿದರೆ, ನಿಮ್ಮ ಮೂವರಲ್ಲಿ ಕಾಡು ನೋಡಿ ಬಂದವಳು ಅವಳೊಬ್ಬಳೇ. ನೀವಿಬ್ಬರೂ ಹುಲಿ ಇಲ್ಲದಿರುವುದನ್ನು ನೋಡಿ ಬಂದಿರಿ.

ಆನೆ ಲದ್ದಿ ಎಂದು ಮೂಗು ಮುರಿಯಬೇಡಿ. ಬೆಳೆದ ಆನೆ ದಿನಕ್ಕೆ ನೂರೈವತ್ತು ಕಿಲೋದಷ್ಟು ಸೊಪ್ಪು, ಹುಲ್ಲು, ತೊಗಟೆ ತಿನ್ನುತ್ತದೆ. ಅದರಲ್ಲಿ ಅರ್ಧದಷ್ಟೂ ಅದಕ್ಕೆ ಅರಗುವುದಿಲ್ಲ. ಮಿಕ್ಕದ್ದೆಲ್ಲ ದಾರಿಯಲ್ಲಿ ಬೀಳುತ್ತದೆ. ಬಿದ್ದ ಸ್ವಲ್ಪ ಹೊತ್ತಿಗೇ ಸಗಣಿ ಹುಳಗಳು ಬಂದು ಉಂಡೆ ಕಟ್ಟಲು ಶುರುಮಾಡುತ್ತವೆ. ಹುಳ ಹುಡುಕಿಕೊಂಡು ಕಾಡುಕೋಳಿ ಬಂದು ಕೆದಕುತ್ತದೆ. ಮಳೆ ಬಿದ್ದರೆ ಅಣಬೆ ಏಳುತ್ತದೆ. ಒಳಗೆ ಉಳಿದ ಬೀಜ ಅಲ್ಲೇ ಮೊಳೆಯುತ್ತದೆ, ಅದೂ ಗೊಬ್ಬರದ ಸಮೇತ. ಇನ್ನು ಚಿಟ್ಟೆ. ಹೂವಿನ ಮಕರಂದದಲ್ಲಿ ಸಿಹಿ ಉಂಟು, ಉಪ್ಪು ಸಾಲದು. ಆ ಉಪ್ಪಿಗಾಗಿ ಒದ್ದೆ ಮಣ್ಣು, ಲದ್ದಿ, ಗಂಜಲದ ಜಾಗ ಹುಡುಕಿ ಬರುತ್ತವೆ. ಬರುವವು ಹೆಚ್ಚಾಗಿ ಗಂಡು. ಹೀರಿದ ಉಪ್ಪಿನಲ್ಲಿ ಒಂದು ಪಾಲು ಕೂಡುವಾಗ ಹೆಣ್ಣಿಗೆ ಸಂದು, ಅವಳ ಮೊಟ್ಟೆಗೂ ಸೇರುತ್ತದೆ. ಪುಟ್ಟಿ ಕುಕ್ಕರುಗಾಲಲ್ಲಿ ಕೂತು ನೋಡಿದ್ದು ಇದನ್ನು. ಅದನ್ನು ಅತ್ತೆಯ ಮುಂದೆ ಹೇಳಿದಳೆಂದು ನಿಮಗೆ ಮುಜುಗರ! ಆ ಅತ್ತೆಯವರು ಹಿಂದೆ ನೆಲ ಸಾರಿಸಿದ್ದು ಯಾವುದರಿಂದ ಎಂದು ಒಮ್ಮೆ ಕೇಳಿ ನೋಡಿ.

ಎಡ್ವರ್ಡ್ ವಿಲ್ಸನ್ ಎಂಬ ಅಮೆರಿಕದ ವಿಜ್ಞಾನಿ ಇದ್ದರು. 2021ರಲ್ಲಿ ತೀರಿಕೊಂಡರು. ಏಳು ವರ್ಷದವರಿದ್ದಾಗ ಕಡಲ ತೀರದಲ್ಲಿ ಗಾಳ ಹಾಕಿ ಎಳೆದ ಮೀನು ಮುಖಕ್ಕೇ ಹಾರಿತು, ಅದರ ಮುಳ್ಳು ಬಲಗಣ್ಣಿಗೆ ಚುಚ್ಚಿ ಆ ಕಣ್ಣಿನ ದೃಷ್ಟಿ ಹೋಯಿತು. ದೂರದ ಪ್ರಾಣಿ ಪಕ್ಷಿಗಳನ್ನು ಹುಡುಕುವುದು ಕಷ್ಟವಾಯಿತು. ಉಳಿದ ಕಣ್ಣಿಗೆ ಹತ್ತಿರದ ಸಣ್ಣ ವಸ್ತು ಚೆನ್ನಾಗಿ ಕಾಣುತ್ತಿತ್ತು. ಹುಡುಗ ಇರುವೆ ಹಿಡಿದು ಕೂತ. ಮುಂದೆ ಇರುವೆಗಳ ವಿಷಯದಲ್ಲಿ ಜಗತ್ತೇ ಅವರ ಮಾತು ಕೇಳುವಂತಾಯಿತು. ಐದು ವರ್ಷದ ಮಗುವಿಗೆ ಇಂಥ ಅವಘಡದ ಹಂಗಿಲ್ಲ. ಅದರ ಕಣ್ಣೇ ನೆಲದಿಂದ ಮೂರಡಿ ಮೇಲಿದೆ. ನಾವು ಅದನ್ನು ಜೀಪಿನ ಮೇಲೆ ಎತ್ತಿ ಕೂರಿಸಿ 'ದೂರ ನೋಡು, ದೂರ ನೋಡು' ಎನ್ನುತ್ತೇವೆ. ನಿದ್ದೆ ಬಾರದೆ ಇನ್ನೇನು?

ಹುಲಿಯ ಮೇಲೆ ನನಗೆ ಸಿಟ್ಟಿಲ್ಲ. 2022ರ ಗಣತಿಯ ಪ್ರಕಾರ ಇಡೀ ಕರ್ನಾಟಕಕ್ಕೆ 563 ಹುಲಿ. ಅವಕ್ಕೂ ಅವುಗಳ ಕೆಲಸ ಇರುತ್ತದೆ, ನಮ್ಮ ಟಿಕೆಟ್ಟಿನ ಹೊತ್ತಿಗೆ ಬಂದು ನಿಲ್ಲಬೇಕೆಂದರೆ ಹೇಗೆ? ಕೆಲವು ವರ್ಷಗಳ ಹಿಂದೆ ಒಂದು ಕಾಡಿನಲ್ಲಿ (ಯಾವುದೆಂದು ಬೇಡ) ನಾನೂ ಜೀಪು ಹತ್ತಿದ್ದೆ. ಭೀಮರಾಜವೊಂದು ಉದ್ದ ಬಾಲ ಇಳಿಬಿಟ್ಟುಕೊಂಡು ಇನ್ಯಾವುದೋ ಹಕ್ಕಿಯ ದನಿಯನ್ನು ಅಣಕಿಸುತ್ತಿತ್ತು. ಮುಂದಿನ ಸೀಟಿನ ಹುಡುಗ 'ಅಪ್ಪಾ, ಅಲ್ಲಿ' ಎಂದು ಬೆರಳು ತೋರಿಸಿದ. ಅಪ್ಪ 'ಸುಮ್ನಿರೋ, ಹಕ್ಕಿ ಅದು' ಎಂದ. ಅಷ್ಟರಲ್ಲಿ ಚಾಲಕನಿಗೆ ಎಲ್ಲಿಂದಲೋ ಸುದ್ದಿ ಬಂತು, ಗಾಡಿ ದೂಳೆಬ್ಬಿಸಿಕೊಂಡು ಓಡಿತು. ಹೋಗಿ ನೋಡಿದರೆ ಆರು ಜೀಪು, ಒಂದು ಪೊದೆ. ಪೊದೆಯೊಳಗೆ ಬಾಲ ಕಂಡಿತೆಂದು ಇಬ್ಬರು ಆಣೆ ಮಾಡಿದರು. ಹಕ್ಕಿ ಕಂಡ ಹುಡುಗ ಮಾತ್ರ ವಾಪಸು ಬರುವವರೆಗೆ ಬಾಯಿ ಬಿಡಲಿಲ್ಲ.

ನೀವು ಹೋದ ಬೆಟ್ಟ ಎಂಥದ್ದು ಎಂದು ಗೊತ್ತೇ? ಅಲ್ಲಿನ ಸೋಲಿಗರಿಗೆ ಬಿಳಿಗಿರಿರಂಗ ದೇವರಷ್ಟೇ ಅಲ್ಲ, ಭಾವ. ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದವನು. ಹುಲಿಯನ್ನು ಹುಲಿವೀರಪ್ಪ ಎಂದು ಪೂಜಿಸುವ ಜನ. ಕಾಡಿನ ನಡುವೆ, ಭಾರ್ಗವಿ ಹೊಳೆಯ ದಡದಲ್ಲಿ ಅವರ ದೊಡ್ಡಸಂಪಿಗೆ ಇದೆ, ಮರವೇ ದೇವರು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಹುಲಿ ಕಾಡಿನೊಳಗೇ ಸೋಲಿಗರಿಗೆ ಅರಣ್ಯ ಹಕ್ಕೂ ಸಿಕ್ಕಿತು. ಹಿಂದೆ ಅವರು ಬೇಸಿಗೆಯ ಆರಂಭದಲ್ಲಿ ನೆಲಕ್ಕೆ ಸಣ್ಣಗೆ ತರಗು ಬೆಂಕಿ ಹಾಕುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಎಂಬ ಕಳೆಗಿಡ ಹೀಗೆ ಹಬ್ಬಿತು ಎಂದು ಅವರ ಹಿರಿಯರು ಇವತ್ತಿಗೂ ಹೇಳುತ್ತಾರೆ. ಜೀಪಿನಿಂದ ನಿಮಗೆ ಕಂಡ ಹಸಿರಿನಲ್ಲಿ ಎಷ್ಟು ಪಾಲು ಆ ಲಂಟಾನವೋ! ಒಬ್ಬ ಸೋಲಿಗ ತಾತನ ಪಕ್ಕ ಅರ್ಧ ಗಂಟೆ ಕೂತಿದ್ದರೆ ಹೆಜ್ಜೇನು ಯಾವುದು, ತುಡುವೆ ಯಾವುದು, ಕೋಲುಜೇನು ಯಾವುದು ಎಂದು ಪುಟ್ಟಿಗೆ ಹೇಳುತ್ತಿದ್ದರು. ಎರಡು ಸಫಾರಿಯ ನಡುವೆ ನೀವು ಕೋಣೆಯಲ್ಲಿ ಟಿವಿ ಹಾಕಿಕೊಂಡು ಕೂತಿದ್ದಿರಿ ಎಂದು ನನ್ನ ಅನುಮಾನ. ಸುಳ್ಳಾದರೆ ಬೈದು ಬರೆಯಿರಿ.

ಇಷ್ಟಾದ ಮೇಲೆ ನಮ್ಮ ಶಾಲೆಗಳ ಮಾತು ಬಿಟ್ಟರೆ ಹೇಗೆ? ನಮ್ಮ ಮಕ್ಕಳ ಗೋಡೆಪಟದಲ್ಲಿ ಸಿಂಹ ಇದೆ, ಜೀಬ್ರಾ ಇದೆ, ಪೆಂಗ್ವಿನ್ ಇದೆ. ಕಾಡುಪಾಪ ಇಲ್ಲ. ಕೆಂಜಳಿಲು, ಕಡವೆ, ಕಾಟಿ, ಸೀಳುನಾಯಿ ಒಂದೂ ಇಲ್ಲ. ನನ್ನ ಮೊಮ್ಮಗನಿಗೆ ಜೀಬ್ರಾದ ಮೈಪಟ್ಟೆಯ ಮೇಲೆ ಐದು ವಾಕ್ಯ ಬಾಯಿಪಾಠ. ಕಿಟಕಿಯ ಆಚೆ ತಂತಿಯ ಮೇಲೆ ಕೂತ ಕಾಜಾಣಕ್ಕೆ ಅವನು ಇಟ್ಟ ಹೆಸರು 'ಕಪ್ಪು ಪಕ್ಷಿ'. ಹೆಸರು ಗೊತ್ತಿಲ್ಲದ್ದು ಕಣ್ಣಿಗೂ ಬೀಳುವುದಿಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಕೂತು ಮಕ್ಕಳಿಗಾಗಿ ಕನ್ನಡದಲ್ಲಿ ವಿಶ್ವಕೋಶ ಬರೆದದ್ದು 1930ರ ದಶಕದಲ್ಲಿ. ಒಬ್ಬರೇ ಬರೆದರು. ಈಗ ಸಮಿತಿಗಳಿವೆ, ಉಪಸಮಿತಿಗಳಿವೆ, ಪಟದಲ್ಲಿ ಪೆಂಗ್ವಿನ್ ಇದೆ.

ನಿಮ್ಮ ಪ್ರಶ್ನೆ ಮರೆತಿಲ್ಲ. ಎಷ್ಟು ವಯಸ್ಸಿನವರೆಗೆ ಕಾಯಬೇಕು? ಕಾಯಲೇಬೇಡಿ. ಹತ್ತು ತುಂಬಿದರೆ ಅವಳೂ ನಿಮ್ಮಂತೆ ಹುಲಿಯನ್ನೇ ಕೇಳುತ್ತಾಳೆ. ಮುಂದಿನ ಸಲ ಒಂದೇ ಸಫಾರಿ ಸಾಕು, ಅದೂ ಬೆಳಿಗ್ಗೆ, ಮಗುವಿನ ಹೊಟ್ಟೆಗೆ ಏನಾದರೂ ಹಾಕಿ. ಒಂದು ಭೂತಗನ್ನಡಿ ಕೊಡಿಸಿ, ಸಫಾರಿ ಟಿಕೆಟ್ಟಿನ ಮುಂದೆ ಅದು ಏನೂ ಅಲ್ಲ. ಕಾಡಿನ ರಸ್ತೆಯಲ್ಲಿ ಮಾತ್ರ ಇಳಿಯಬೇಡಿ, ಲದ್ದಿ ಹಾಕಿದವರು ಹತ್ತಿರದಲ್ಲೇ ಇರಬಹುದು. ನೀವು ಉಳಿದುಕೊಂಡ ಜಾಗದ ಅಂಗಳ, ದೇವಸ್ಥಾನದ ಮೆಟ್ಟಿಲ ಬದಿ, ಅಷ್ಟು ಸಾಕು ಅವಳಿಗೆ. ಮರದಲ್ಲಿ ಎಲೆ ಹೊಲಿದು ಗೂಡು ಮಾಡುವ ಕೆಂಪಿರುವೆ ಸಿಕ್ಕರೆ (ಮಲೆನಾಡಿನಲ್ಲಿ ಚಗಳಿ ಎನ್ನುತ್ತಾರೆ, ಚಟ್ನಿಯನ್ನೂ ಮಾಡುತ್ತಾರೆ) ತೋರಿಸಿ: ದೊಡ್ಡ ಇರುವೆಗಳು ತಮ್ಮ ಮರಿಹುಳವನ್ನು ಬಾಯಲ್ಲಿ ಕಚ್ಚಿಕೊಂಡು, ಅದು ಬಿಡುವ ನೂಲಿನಿಂದ ಎಲೆ ಅಂಟಿಸುತ್ತವೆ. ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ತೀರಾ ಹತ್ತಿರ ಬೇಡ, ಕಚ್ಚುತ್ತವೆ.

ಮತ್ತೊಂದು. ಲದ್ದಿಯ ಮೇಲೆ ಕೂತ ಚಿಟ್ಟೆಯ ಬಣ್ಣ ಯಾವುದೆಂದು ನೀವು ಬರೆದಿಲ್ಲ. ಪುಟ್ಟಿಗೆ ಗೊತ್ತಿರುತ್ತದೆ. ಕೇಳಿ, ಚಿತ್ರ ಬರೆಸಿ ಕಳಿಸಿ. ಬಣ್ಣದ ಪುಟದಲ್ಲಿ ಲದ್ದಿಯೇ ಎಂದು ನಮ್ಮ ವಿನ್ಯಾಸದ ಹುಡುಗ ಈಗಲೇ ಗೊಣಗುತ್ತಿದ್ದಾನೆ. ಅವನನ್ನು ನಾನು ನೋಡಿಕೊಳ್ಳುತ್ತೇನೆ.
– ಸಂ.