ಚೀಲದ ವ್ಯಾಪಾರವೋ, ಬಟ್ಟೆಯ ವಿನ್ಯಾಸವೋ?

ಪ್ರಶ್ನೆ: ಕೆಲವು ವರ್ಷಗಳಿಂದ ಮಣಿಪಾಲದ ಅಂಗಡಿಗಳಿಗೆ ಬಟ್ಟೆಯ ಚೀಲ, ಕಸೂತಿ ಪರ್ಸುಗಳನ್ನು ಹೊಲಿದು ಕೊಡುತ್ತಿದ್ದೇನೆ. ಈಗ ಜವಳಿ ವಿನ್ಯಾಸ ಕಲಿಯುವ ಆಸೆ, ಆದರೆ ಆರ್ಡರುಗಳ ನಡುವೆ ಪೆನ್ಸಿಲ್ ಹಿಡಿಯಲೂ ಪುರಸೊತ್ತಿಲ್ಲ. ವ್ಯಾಪಾರವನ್ನು ನಿಲ್ಲಿಸಿಬಿಡಲೇ?
– ಓದುಗರೊಬ್ಬರು, ಉಡುಪಿ

ಉತ್ತರ: ಪೂರ್ತಿ ನಿಲ್ಲಿಸಬೇಡಿ, ಕಡಿಮೆ ಮಾಡಿ. ಹೆಚ್ಚು ಹೊತ್ತು ತಿಂದು ಕಡಿಮೆ ಲಾಭ ಕೊಡುವ ಕಸೂತಿ ಪರ್ಸುಗಳನ್ನು ಮೊದಲು ಕೈಬಿಟ್ಟು, ಸಲೀಸಾಗಿ ಹೊಲಿಯಬಲ್ಲ ಒಂದೆರಡು ಮಾದರಿಯ ಚೀಲಗಳನ್ನಷ್ಟೇ ಉಳಿಸಿಕೊಂಡು, ಈ ಬದಲಾವಣೆಯನ್ನು ಅಂಗಡಿಯವರಿಗೆ ಮುಂಚಿತವಾಗಿಯೇ ತಿಳಿಸಿ. ದಾಕ್ಷಿಣ್ಯಕ್ಕೆ ಒಪ್ಪಿಕೊಂಡ ಆರ್ಡರೇ ಹೆಚ್ಚಾಗಿ ನಿದ್ದೆ ಕೆಡಿಸುವುದು.

ವಿನ್ಯಾಸದಲ್ಲಿ ನಿಮಗೆ ಹೊಸದೆನಿಸುವುದು ಪುನರಾವರ್ತನೆಯ ಲೆಕ್ಕ. ಚೀಲದ ಮೇಲಿನ ಹೂವು ಒಂಟಿಯಾಗಿ ಚೆಂದ ಕಂಡರೆ ಸಾಕು. ಮುದ್ರಿಸುವ ಬಟ್ಟೆಗಾದರೋ ಮಾದರಿಯ ಎಡ ಅಂಚಿನಲ್ಲಿ ತುಂಡಾದ ಎಸಳು ಬಲ ಅಂಚಿನಲ್ಲಿ ಕೂದಲೆಳೆಯೂ ತಪ್ಪದೆ ಮುಂದುವರಿಯಬೇಕು. ತಿರುಗುವ ಸಿಲಿಂಡರಿನಿಂದ ಬಟ್ಟೆಗೆ ಅಚ್ಚೊತ್ತುವ ರೋಟರಿ ಮುದ್ರಣದಲ್ಲಿ ಆ ಸಿಲಿಂಡರಿನ ಸುತ್ತಳತೆ ಸಾಮಾನ್ಯವಾಗಿ 64 ಸೆಂ.ಮೀ. ಇರುವುದರಿಂದ, ಮಾದರಿಯ ಎತ್ತರವನ್ನು ಅದರಲ್ಲಿ ಸರಿಯಾಗಿ ಭಾಗವಾಗುವಂತೆ 64, 32 ಅಥವಾ 16 ಸೆಂ.ಮೀ.ಗೆ ಹೊಂದಿಸಿ ಬರೆಯುವ ಅಭ್ಯಾಸ ಒಳ್ಳೆಯದು. ನೇಯ್ಗೆಯ ಲೆಕ್ಕವೇ ಬೇರೆ. ಅಲ್ಲಿ ಗ್ರಾಫ್ ಕಾಗದದ ಒಂದೊಂದು ಚೌಕವೂ ಹಾಸು-ಹೊಕ್ಕುಗಳಲ್ಲಿ (ಉದ್ದ ಮತ್ತು ಅಡ್ಡ ನೂಲುಗಳಲ್ಲಿ) ಯಾವುದು ಮೇಲೆ ಬರಬೇಕೆಂಬುದನ್ನು ಹೇಳುತ್ತದೆ. ಭೌಗೋಳಿಕ ಸೂಚಕ (ಒಂದು ಪ್ರದೇಶದ ವಿಶಿಷ್ಟ ಉತ್ಪನ್ನವೆಂಬ ಜಿಐ ಮಾನ್ಯತೆ) ಪಡೆದಿರುವ ಉಡುಪಿ ಸೀರೆಯನ್ನು ನೇಯುವ ಮಗ್ಗಗಳು ನಿಮಗೆ ಹತ್ತಿರದ ಕಿನ್ನಿಗೋಳಿಯಲ್ಲಿಯೇ ಇವೆ. ಕೋರ್ಸಿಗೆ ಹಣ ಕಟ್ಟುವ ಮೊದಲು ಅವುಗಳ ಪಕ್ಕದಲ್ಲಿ ಕುಳಿತು ಸೀರೆಯಂಚು ಮೂಡುವುದನ್ನು ನೋಡಿ ಬನ್ನಿ.